ಮೀಟರ್ ಬೋರ್ಡಿನ ಬಣ್ಣ ಬದಲಿಸುವ ಮುನ್ನ ಫಿಲ್ಟರ್ ನೋಡಿ

ಹಸಿರು ಮೀಟರ್ ನೋಡಿ ನೋಡಿ ಬೇಸರ ಬಂದಿದೆ, ಕೆಂಪು ಬೇಕು ಎಂದು ಅರ್ಧ ಡಜನ್ ಕೆಂಪು ಎಲ್‌ಇಡಿ ಬಲ್ಬ್ ತಂದು ಹಾಕಿದರೆ ಹಳೆಯ ಕಾರುಗಳಲ್ಲಿ ಎಷ್ಟೋ ಸಲ ಸಿಗುವುದು ಕೆಂಪು ಮೀಟರ್ ಅಲ್ಲ, ಕತ್ತಲೆ. ಬಲ್ಬ್ ಕೆಟ್ಟಿರುವುದಿಲ್ಲ, ವೈರಿಂಗೂ ಸರಿಯಾಗಿಯೇ ಇರುತ್ತದೆ. ಆ ಹಸಿರು ಬಲ್ಬಿನದಾಗಿರಲೇ ಇಲ್ಲ, ಅಷ್ಟೇ.

ಕಂಪನಿಯಿಂದ ಬಂದ ತಂತಿ ಬಲ್ಬ್ ಕೊಡುವುದು ಹಳದಿ ಛಾಯೆಯ ಬಿಳಿ ಬೆಳಕು. ಅದಕ್ಕೆ ಬಣ್ಣ ಬರುವುದು ದಾರಿಯಲ್ಲಿ: ಬಲ್ಬಿನ ಮೇಲೆ ತೊಡಿಸಿದ ರಬ್ಬರ್ ಟೋಪಿಯಿಂದ, ಎದುರಿಗೆ ಅಂಟಿಸಿದ ತೆಳು ಫಿಲ್ಮಿನಿಂದ, ಇಲ್ಲವೇ ಡಯಲ್ ಹಾಳೆಯ ಹಿಂಬದಿಗೆ ಮುದ್ರಿಸಿದ ಇಂಕಿನಿಂದ. ಫಿಲ್ಟರ್ ಬಣ್ಣ ಸೇರಿಸುವುದಿಲ್ಲ, ತನ್ನದಲ್ಲದ ಬಣ್ಣವನ್ನು ನುಂಗುತ್ತದೆ. ತಂತಿ ಬಲ್ಬಿನಲ್ಲಿ ಎಲ್ಲ ಬಣ್ಣವೂ ಇರುವುದರಿಂದ ನುಂಗಿ ಉಳಿದ ಹಸಿರು ಹೊರಗೆ ಬರುತ್ತದೆ. ಕೆಂಪು ಎಲ್‌ಇಡಿಯಲ್ಲಿ ಇರುವುದೇ 620–630 ನ್ಯಾನೋಮೀಟರ್ ಸುತ್ತಲಿನ ಒಂದು ಕಿರಿದಾದ ಪಟ್ಟಿ. ಹಸಿರು ಇಂಕು ಅದನ್ನು ಪೂರ್ತಿ ತಡೆದರೆ ಹೊರಬರಲು ಇನ್ನೇನೂ ಉಳಿಯುವುದಿಲ್ಲ.

ಹಾಗಾಗಿ ಅಂಗಡಿಗೆ ಹೋಗುವ ಮುನ್ನ ಒಂದು ಬಲ್ಬ್ ಹೋಲ್ಡರ್ ತಿರುಗಿಸಿ ತೆಗೆದು, ಆ ತೂತಿನಲ್ಲಿ ಮೊಬೈಲ್ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಅಂಕಿಗಳು ಬಿಳಿಯಾಗಿ ಕಂಡರೆ ಬಣ್ಣ ಟೋಪಿಯದು. ಅದನ್ನು ಕಿತ್ತು ಬೇಕಾದ ಬಣ್ಣದ ಎಲ್‌ಇಡಿ ಹಾಕಿದರೆ ಕೆಲಸ ಮುಗಿಯಿತು. ಟಾರ್ಚ್ ಬೆಳಕೂ ಹಸಿರಾಗಿಯೇ ಕಂಡರೆ ಫಿಲ್ಮ್ ಅಥವಾ ಇಂಕು ಇದೆ ಎಂದರ್ಥ. ಫಿಲ್ಮನ್ನು ಟ್ವೀಜರಿನಿಂದ ಎತ್ತಬಹುದು. ಇಂಕನ್ನು ಮಾತ್ರ ಉಜ್ಜಿಯೇ ತೆಗೆಯಬೇಕು: ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಒಂದೊಂದೇ ಅಂಕಿಯ ಹಿಂದೆ ಮೆಲ್ಲಗೆ. ಥಿನ್ನರ್, ಅಸಿಟೋನ್ ಹತ್ತಿರ ತರಬೇಡಿ. ಡಯಲ್ ಹಾಳೆ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಅಸಿಟೋನ್ ತಾಗಿದ ಜಾಗ ಮಸುಕಾಗಿ ಬಿರುಕು ಬಿಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಅಂಕಿಗಳ ಸುತ್ತಲಿನ ಕಪ್ಪು ಪದರ ಕೆರೆದುಹೋದರೆ ರಾತ್ರಿ ಆ ಗೀರು ನಕ್ಷತ್ರದಂತೆ ಹೊಳೆಯುತ್ತದೆ. ಇಂಕು ತೆಗೆಯುವ ತಾಳ್ಮೆ ಇಲ್ಲದವರು ಬಿಳಿ ಎಲ್‌ಇಡಿ ಹಾಕಿ ಅದೇ ಹಸಿರನ್ನು ಇನ್ನಷ್ಟು ಸ್ವಚ್ಛವಾಗಿ ಪಡೆಯುವುದು ಒಳ್ಳೆಯದು. ನಮ್ಮ ಪ್ರಕಾರ ಅರ್ಧಕ್ಕರ್ಧ ಕಾರುಗಳಿಗೆ ಅಷ್ಟೇ ಸಾಕು.

ಮೀಟರ್ ಹೊರತೆಗೆಯುವುದು ಕಷ್ಟದ ಕೆಲಸವಲ್ಲ. ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ಏರ್‌ಬ್ಯಾಗ್ ಇರುವ ಕಾರಾದರೆ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಿರಿ. ಹಳದಿ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಸ್ಟೀರಿಂಗ್ ಪೂರ್ತಿ ಕೆಳಗಿಳಿಸಿ, ಸುತ್ತಲಿನ ಫ್ರೇಮ್ ಬಿಚ್ಚಿ, ಮೀಟರಿನ ಸ್ಕ್ರೂ ತೆಗೆದು ಮುಂದಕ್ಕೆ ಎಳೆದರೆ ಹಿಂದಿನ ಕಪ್ಲರ್‌ಗಳು ಕೈಗೆ ಸಿಗುತ್ತವೆ. ಕೇಬಲ್ ಇರುವ ಹಳೆಯ ಸ್ಪೀಡೋಮೀಟರ್ ಆದರೆ ಕೇಬಲ್ ತುದಿಯ ಪ್ಲಾಸ್ಟಿಕ್ ಕ್ಲಿಪ್ ಒತ್ತಿ ಬಿಡಿಸಬೇಕು. ಮೀಟರ್ ಹೊರಗಿರುವಾಗ ಸುಮ್ಮನೆ ಇಗ್ನಿಷನ್ ಆನ್ ಮಾಡಬೇಡಿ. ಏರ್‌ಬ್ಯಾಗ್, ಎಬಿಎಸ್ ಫಾಲ್ಟ್ ಕೋಡ್ ದಾಖಲಾಗಿ, ಆಮೇಲೆ ಸ್ಕ್ಯಾನರ್ ಹಾಕಿ ಅಳಿಸಬೇಕಾದೀತು.

ಬಲ್ಬ್ ಇರುವ ಮೀಟರಿನಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಅಳತೆ: ಟಿ5 ಮತ್ತು ಟಿ10. ಹಿಂದೆ ಕಾಲು ಸುತ್ತು ತಿರುಗಿಸಿ ತೆಗೆಯುವ ಪ್ಲಾಸ್ಟಿಕ್ ಹೋಲ್ಡರ್ ಇರುತ್ತದೆ. ಹಳೆಯ ಬಲ್ಬನ್ನೇ ಅಂಗಡಿಗೆ ಒಯ್ಯಿರಿ, ಊಹಿಸಬೇಡಿ. ಕೊಳ್ಳುವಾಗ ಎರಡು ಎಚ್ಚರ. ‘ಕ್ಯಾನ್‌ಬಸ್’ ಎಂದು ಮಾರುವ ಬಲ್ಬ್ ಮೀಟರಿಗೆ ಬೇಡ. ಅದರಲ್ಲಿ ತಂತಿ ಬಲ್ಬೇ ಇದೆ ಎಂದು ಕಾರಿನ ಕಂಪ್ಯೂಟರನ್ನು ನಂಬಿಸಲು ಹೆಚ್ಚುವರಿ ರೆಸಿಸ್ಟರ್ ಇರುತ್ತದೆ, ಅದು ಬಿಸಿಯಾಗಿ ಹೋಲ್ಡರನ್ನೇ ಮೆತ್ತಗೆ ಮಾಡುತ್ತದೆ. ಇನ್ನೊಂದು, ತುದಿಯಲ್ಲಿ ಒಂದೇ ಚಿಪ್ ಇರುವ ಬಲ್ಬ್ ಬೇಡ. ತಂತಿ ಬಲ್ಬ್ ಸುತ್ತಲೂ ಬೆಳಕು ಚೆಲ್ಲುತ್ತದೆ, ಮೀಟರಿನ ಒಳಗಿನ ಬಿಳಿ ಗೋಡೆಗಳನ್ನು ರೂಪಿಸಿರುವುದೂ ಅದಕ್ಕೆ ತಕ್ಕಂತೆಯೇ. ಎಲ್‌ಇಡಿ ಮುಂದಕ್ಕೆ ಮಾತ್ರ ಚೆಲ್ಲುವುದರಿಂದ ನಡುವೆ ಒಂದು ಹೊಳೆಯುವ ಚುಕ್ಕಿ, ಅಂಚಿನ 20, 180 ಅಂಕಿಗಳು ಮಂಕು. ನಾಲ್ಕು ಬದಿಗೂ ಚಿಪ್ ಇರುವುದನ್ನು ಆರಿಸಿ. 5 ಮಿ.ಮೀ. ಗುಮ್ಮಟದ ಎಲ್‌ಇಡಿ ಬಳಸುವುದಾದರೆ ಅದರ ತಲೆಯನ್ನು 400 ನಂಬರ್ ಮರಳು ಕಾಗದದಲ್ಲಿ ಉಜ್ಜಿ ಮಬ್ಬು ಮಾಡಿ.

ಹಾಕಿದ ಬಲ್ಬ್ ಉರಿಯದಿದ್ದರೆ ಮೊದಲು ತಿರುಗಿಸಿ ಹಾಕಿ ನೋಡಿ. ಎಲ್‌ಇಡಿಗೆ ಪ್ಲಸ್ ಮೈನಸ್ ಇದೆ, ತಂತಿ ಬಲ್ಬಿಗೆ ಇರಲಿಲ್ಲ. ಎಲ್ಲವನ್ನೂ ಹಾಕಿ, ಮುಚ್ಚುವ ಮೊದಲೇ ಕಪ್ಲರ್ ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ಪಾರ್ಕ್ ಲೈಟ್ ಆನ್ ಮಾಡಿ ಒಂದೊಂದನ್ನೂ ಪರೀಕ್ಷಿಸಿ.

ಬೋರ್ಡಿಗೇ ಬೆಸುಗೆ ಹಾಕಿದ ಎಸ್‌ಎಂಡಿ ಎಲ್‌ಇಡಿಗಳಿರುವ ಮೀಟರ್ ಬೇರೆ ಮಾತು. ಅಲ್ಲಿ ಎಡವುವುದು ಸೋಲ್ಡರಿಂಗ್ ಬಾರದೆ ಅಲ್ಲ, ಲೆಕ್ಕ ಮಾಡದೆ. ಕೆಂಪು, ಕಿತ್ತಳೆ, ಹಳದಿ ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು. ನೀಲಿ, ಬಿಳಿ ಮತ್ತು ಈಗಿನ ಶುದ್ಧ ಹಸಿರಿಗೆ 3ರಿಂದ 3.4. ಕಂಪನಿಯವರು ನಾಲ್ಕು ಕಿತ್ತಳೆ ಎಲ್‌ಇಡಿಗಳನ್ನು ಸರಣಿಯಲ್ಲಿ ಹಾಕಿ 430 ಓಮ್ ರೆಸಿಸ್ಟರ್ ಕೊಟ್ಟಿದ್ದಾರೆ ಎಂದುಕೊಳ್ಳಿ. ಎಂಜಿನ್ ಓಡುವಾಗ ಸಿಗುವ 14.4 ವೋಲ್ಟಿನಲ್ಲಿ 8 ವೋಲ್ಟ್ ಎಲ್‌ಇಡಿಗಳಿಗೆ ಹೋಗಿ, ಉಳಿದ 6.4 ವೋಲ್ಟ್ 430 ಓಮಿನ ಮೇಲೆ ಬಿದ್ದು, ಸುಮಾರು 15 ಮಿಲಿ ಆಂಪಿಯರ್ ಹರಿಯುತ್ತದೆ. ಅದೇ ಜಾಗಕ್ಕೆ ನಾಲ್ಕು ಬಿಳಿ ಹಾಕಿದರೆ ಎಲ್‌ಇಡಿಗಳೇ 12.8 ವೋಲ್ಟ್ ಕೇಳುತ್ತವೆ. ಎಂಜಿನ್ ಓಡುವಾಗ 4 ಮಿಲಿ ಆಂಪಿಯರಿಗೂ ಕಡಿಮೆ, ಎಂಜಿನ್ ಆಫ್ ಆಗಿ ಬ್ಯಾಟರಿ 12.4ಕ್ಕೆ ಇಳಿದಾಗ ಬಹುತೇಕ ಏನೂ ಇಲ್ಲ. ‘ಸೆಲ್ಫ್ ಹೊಡೆದ ಮೇಲೆ ಮಾತ್ರ ಮೀಟರ್ ಉರಿಯುತ್ತದೆ’ ಎಂಬ ದೂರಿನ ಮೂಲ ಸಾಮಾನ್ಯವಾಗಿ ಇದೇ.

ಪರಿಹಾರ: ಸರಣಿಯಲ್ಲಿ ಮೂರಕ್ಕಿಂತ ಹೆಚ್ಚು ಬಿಳಿ ಅಥವಾ ನೀಲಿ ಬೇಡ. ಬೋರ್ಡಿನ ಮೇಲಿನ ತಾಮ್ರದ ಗೆರೆ (ಟ್ರ್ಯಾಕ್) ಕತ್ತರಿಸಿ ನಾಲ್ಕರ ಸರಣಿಯನ್ನು ಎರಡೆರಡಾಗಿ ಒಡೆದು, ಪ್ರತಿಯೊಂದಕ್ಕೂ ಬೇರೆ ರೆಸಿಸ್ಟರ್ ಕೊಡಬೇಕು. ಲೆಕ್ಕ ಸುಲಭ. 14.4ರಿಂದ ಎಲ್‌ಇಡಿಗಳ ಒಟ್ಟು ವೋಲ್ಟ್ ಕಳೆದು, ಬೇಕಾದ ಕರೆಂಟಿನಿಂದ ಭಾಗಿಸಿ. ಕರೆಂಟ್ ಎಷ್ಟು ಎಂಬಲ್ಲಿ ಹೆಚ್ಚಿನವರು 20 ಮಿಲಿ ಆಂಪಿಯರ್ ಎನ್ನುತ್ತಾರೆ, ಡೇಟಾಶೀಟಿನಲ್ಲಿ ಹಾಗಿದೆ ಎಂದು. ಈಗಿನ ಎಲ್‌ಇಡಿಗಳಿಗೆ ಮೀಟರಿನೊಳಗೆ 5 ಧಾರಾಳ. ಒಂದೇ ಬಿಳಿ ಎಲ್‌ಇಡಿಗೆ 2.2 ಕಿಲೋ ಓಮ್, ಮೂರರ ಸರಣಿಗೆ 1 ಕಿಲೋ ಓಮ್ ಹಾಕಿದರೆ ಎರಡರಲ್ಲೂ ಸುಮಾರು 5 ಬರುತ್ತದೆ. ರೆಸಿಸ್ಟರ್ ಬಿಸಿಯಾಗುವ ಚಿಂತೆಯೂ ಇಲ್ಲ, 0.06 ವ್ಯಾಟಿನ ಒಳಗೇ ಇರುತ್ತದೆ.

ಎಸ್‌ಎಂಡಿಯಲ್ಲಿ ಸಾಮಾನ್ಯವಾಗಿ ಕಾಣುವುದು 3528 ಅಳತೆ, ಅಂದರೆ 3.5 ಮಿ.ಮೀ. ಉದ್ದ, 2.8 ಮಿ.ಮೀ. ಅಗಲ. ಎ.ಸಿ. ಸ್ವಿಚ್‌ಗಳ ಹಿಂದೆ ಇನ್ನೂ ಚಿಕ್ಕವು ಇರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತವೆ, ಆದರೆ ಎಲ್ಲವನ್ನೂ ಒಂದೇ ರೀಲಿನಿಂದ ಕತ್ತರಿಸಿ ಕೊಡಲು ಹೇಳಿ. ಬೇರೆ ಬೇರೆ ರೀಲಿನ ಬಿಳಿ ಒಂದು ಹಳದಿಗೆ, ಇನ್ನೊಂದು ನೀಲಿಗೆ ತಿರುಗಿರುತ್ತದೆ, ಪಕ್ಕಪಕ್ಕದಲ್ಲಿ ಹಾಕಿದಾಗಲೇ ಅದು ಗೊತ್ತಾಗುವುದು. ಬೇಕಾದದ್ದಕ್ಕಿಂತ ನಾಲ್ಕೈದು ಹೆಚ್ಚು ತನ್ನಿ, ಹಾರಿ ಹೋಗುವವು ಇದ್ದೇ ಇರುತ್ತವೆ.

ತೆಗೆಯುವಾಗ ಎರಡೂ ತುದಿಗೆ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ಬಳಸುವ ಅಂಟು) ಹಚ್ಚಿ, ಸ್ವಲ್ಪ 60/40 ಸೀಸದ ಬೆಸುಗೆ ಸೇರಿಸಿ. ಕಂಪನಿಯ ಸೀಸರಹಿತ ಬೆಸುಗೆಗೆ ಹೆಚ್ಚು ಬಿಸಿ ಬೇಕು, ಇದು ಬೆರೆತಾಗ ಬೇಗ ಕರಗುತ್ತದೆ. 330 ಡಿಗ್ರಿಯ ಚೂಪು ಮೊನೆಯ ಐರನ್ನಿಂದ ಒಂದು ತುದಿ, ಇನ್ನೊಂದು ತುದಿ, ಮತ್ತೆ ಮೊದಲನೆಯದು ಎಂದು ಬದಲಿಸುತ್ತ ಟ್ವೀಜರಿನಿಂದ ಎತ್ತಿ. ಬೆಸುಗೆ ಪೂರ್ತಿ ಕರಗುವ ಮೊದಲೇ ಎತ್ತಲು ಹೋದರೆ ಬೋರ್ಡಿನ ತಾಮ್ರದ ಪ್ಯಾಡ್ ಸಮೇತ ಎದ್ದು ಬರುತ್ತದೆ. ಹೊಸದನ್ನು ಹಾಕುವಾಗ ಪ್ರತಿ ತುದಿಗೆ ಎರಡು ಸೆಕೆಂಡ್ ಸಾಕು, ಹೆಚ್ಚಾದರೆ ಅದರ ಪ್ಲಾಸ್ಟಿಕ್ ಬಟ್ಟಲು ಕರಗುತ್ತದೆ. 3528ರಲ್ಲಿ ಸಾಮಾನ್ಯವಾಗಿ ಒಂದು ಮೂಲೆ ಕತ್ತರಿಸಿದಂತೆ ಇರುತ್ತದೆ, ಅದು ಮೈನಸ್. ಖಾತ್ರಿಗೆ ಮಲ್ಟಿಮೀಟರಿನ ಡಯೋಡ್ ಮೋಡಿನಲ್ಲಿ ಮುಟ್ಟಿಸಿ. ಕೆಂಪು ಉರಿಯುತ್ತದೆ, ಬಿಳಿ ಮತ್ತು ನೀಲಿ ಮಲ್ಟಿಮೀಟರಿನ ವೋಲ್ಟ್ ಸಾಕಾದರೆ ಮಿಣುಕುತ್ತದೆ.

ಇಲ್ಲಿ ಇನ್ನೊಂದು ತೊಡಕು, ಮುಳ್ಳುಗಳು. ಇಂಥ ಮೀಟರುಗಳಲ್ಲಿ ಮುಳ್ಳು ತಿರುಗಿಸುವ ಪುಟ್ಟ ಸ್ಟೆಪರ್ ಮೋಟರ್ ಅದೇ ಬೋರ್ಡಿನ ಮೇಲಿರುತ್ತದೆ, ಅದರ ಕಡ್ಡಿ ಡಯಲಿನ ಮೂಲಕ ಹೊರಬಂದಿರುತ್ತದೆ. ಆದ್ದರಿಂದ ಮುಳ್ಳು ಕೀಳದೆ ಡಯಲ್ ಬರುವುದಿಲ್ಲ. ಮೀಟರ್ ಬಿಚ್ಚುವ ಮೊದಲೇ ಕಾರನ್ನು 40, 60, 80ರಲ್ಲಿ ಓಡಿಸಿ, ಪಕ್ಕದಲ್ಲಿ ಕೂತವರು ಮೊಬೈಲಿನ ಜಿಪಿಎಸ್ ವೇಗ ಬರೆದುಕೊಳ್ಳಲಿ. ಮೀಟರ್ ಜಿಪಿಎಸ್‌ಗಿಂತ ತುಸು ಹೆಚ್ಚು ತೋರಿಸುವುದು ಸಹಜ, ಕಂಪನಿಯವರು ಬೇಕೆಂದೇ ಹಾಗೆ ಇಡುತ್ತಾರೆ. ಆ ವ್ಯತ್ಯಾಸ ಆಮೇಲೂ ಅಷ್ಟೇ ಇರಬೇಕು. ಇಗ್ನಿಷನ್ ಆನ್ ಮಾಡಿ, ಎಲ್ಲ ಮುಳ್ಳುಗಳ ಫೋಟೋವನ್ನು ನೇರ ಎದುರಿನಿಂದ ತೆಗೆಯಿರಿ. ಡಯಲ್ ಮೇಲೆ ದಪ್ಪ ಕಾಗದ ಇಟ್ಟು, ಎರಡು ಟೀ ಚಮಚಗಳನ್ನು ಮುಳ್ಳಿನ ಬುಡದ ಎರಡೂ ಬದಿಗೆ ಕೊಟ್ಟು ಸಮನಾಗಿ ಎತ್ತಿ. ಒಂದೇ ಬದಿಯಿಂದ ಎತ್ತಿದರೆ ಕಡ್ಡಿ ಬಾಗುತ್ತದೆ.

ಮತ್ತೆ ಕೂರಿಸುವಾಗ ಮುಳ್ಳುಗಳನ್ನು ಮೊದಲು ಸಡಿಲವಾಗಿ ಸಿಕ್ಕಿಸಿ, ಕಪ್ಲರ್ ಮತ್ತು ಬ್ಯಾಟರಿ ಜೋಡಿಸಿದ ಮೇಲೆ ಇಗ್ನಿಷನ್ ಆನ್ ಮಾಡಿ, ಮೋಟರ್ ತಾನಾಗಿ ಸೊನ್ನೆಗೆ ಬರಲಿ. ಫೋಟೋಗೆ ಹೋಲಿಸಿ ಸರಿಪಡಿಸಿದ ಮೇಲಷ್ಟೇ ಒತ್ತಿ. ಕೊನೆವರೆಗೆ ಒತ್ತಿಬಿಟ್ಟರೆ ಮುಳ್ಳು ಡಯಲಿಗೆ ತಾಗಿ, 60ರಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಡಯಲಿಗೂ ಮುಳ್ಳಿಗೂ ನಡುವೆ ಒಂದು ಮಿಲಿಮೀಟರ್ ಸಂದು ಇರಲಿ.

ಮಂಕು ಮಾಡುವ ಚಕ್ರ ಕೆಲಸ ಮಾಡುತ್ತಿಲ್ಲ ಎಂಬುದು ಬಲ್ಬ್ ಬದಲಿಸಿದವರ ಮುಂದಿನ ದೂರು. ಹಳೆಯ ಕಾರುಗಳಲ್ಲಿ ಅದು ರಿಯೋಸ್ಟಾಟ್, ಬಲ್ಬುಗಳ ಜೊತೆ ಸರಣಿಯಲ್ಲಿ ಬರುವ ತಿರುಗುವ ರೆಸಿಸ್ಟರ್. 1.2 ವ್ಯಾಟಿನ ಆರು ಬಲ್ಬ್ ಸೇರಿ ಸುಮಾರು 0.6 ಆಂಪಿಯರ್ ಎಳೆಯುವಾಗ 10 ಓಮ್ ಕೂಡ ಹಲವು ವೋಲ್ಟ್ ಕಡಿತ ಮಾಡುತ್ತದೆ. ಆರು ಎಲ್‌ಇಡಿ ಸೇರಿ 90 ಮಿಲಿ ಆಂಪಿಯರ್ ಎಳೆದರೆ ಅದೇ 10 ಓಮಿನಲ್ಲಿ ಬೀಳುವುದು 0.9 ವೋಲ್ಟ್. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸುಲಭದ ದಾರಿ, ಹೆಚ್ಚಿನ ಓಮಿನ ರೆಸಿಸ್ಟರ್ ಹಾಕಿ ಬೆಳಕನ್ನು ಒಂದೇ ಹಿತವಾದ ಮಟ್ಟಕ್ಕೆ ಇಳಿಸುವುದು. ಅಥವಾ ರಿಯೋಸ್ಟಾಟ್ ಬಿಟ್ಟು ಪಿಡಬ್ಲ್ಯೂಎಂ ಡಿಮ್ಮರ್ (ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಆನ್-ಆಫ್ ಮಾಡಿ ಬೆಳಕು ಇಳಿಸುವ ಸರ್ಕ್ಯೂಟ್) ಹಾಕುವುದು. ಹೊಸ ಕಾರುಗಳಲ್ಲಿ ಸಾಮಾನ್ಯವಾಗಿ ಅದೇ ಇರುವುದರಿಂದ ಈ ತೊಂದರೆ ಇಲ್ಲ.

ಯಾವುದನ್ನು ಮುಟ್ಟಬಾರದು ಎಂಬುದೂ ಮುಖ್ಯ. ಬ್ಯಾಟರಿ ಚಿಹ್ನೆಯ ಕೆಂಪು ದೀಪದ ಬಲ್ಬನ್ನು ಹಳೆಯ ಕಾರಿನಲ್ಲಿ ಹಾಗೇ ಬಿಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಫೀಲ್ಡ್ ಕಾಯಿಲಿಗೆ ಮೊದಲ ಕರೆಂಟ್ ಹೋಗುವುದು ಆ ಬಲ್ಬಿನ ಮೂಲಕವೇ. 3 ವ್ಯಾಟಿನ ಬಲ್ಬ್ 250 ಮಿಲಿ ಆಂಪಿಯರ್ ಬಿಡುವ ಕಡೆ ಎಲ್‌ಇಡಿ 10 ಬಿಟ್ಟರೆ, ಆಕ್ಸಿಲರೇಟರ್ ಒತ್ತಿ ರೈಸ್ ಮಾಡುವವರೆಗೆ ಚಾರ್ಜಿಂಗ್ ಶುರುವಾಗದಿರಬಹುದು. ವಾರ ಕಳೆದ ಮೇಲೆ ಬ್ಯಾಟರಿ ಸತ್ತು, ಹೊಸ ಬ್ಯಾಟರಿ ಹಾಕಿಸಿಕೊಂಡು, ಅದೂ ಸತ್ತ ಮೇಲೆ ಕಾರಣ ಹುಡುಕುವುದಾಗುತ್ತದೆ. ಏರ್‌ಬ್ಯಾಗ್, ಎಬಿಎಸ್ ದೀಪಗಳನ್ನು ಕಂಪ್ಯೂಟರ್ ಗಮನಿಸುತ್ತಿರಬಹುದು, ಅವೂ ಬೇಡ. ಹೈಬೀಮಿನ ನೀಲಿ, ಇಂಡಿಕೇಟರಿನ ಹಸಿರು, ಆಯಿಲ್ ಒತ್ತಡದ ಕೆಂಪು, ಇವುಗಳ ಬಣ್ಣ ಎಲ್ಲ ಕಾರಿನಲ್ಲೂ ಒಂದೇ ಇರುವುದಕ್ಕೆ ಅರ್ಥವಿದೆ.

ಬಣ್ಣದ ಆಯ್ಕೆಯಲ್ಲಿ ನಮ್ಮ ಪಕ್ಷಪಾತ ಮುಚ್ಚಿಡುವುದಿಲ್ಲ: ನೀಲಿ ಬೇಡ. ಕಣ್ಣಿನ ಮಸೂರ ನೀಲಿಯನ್ನು ಕೆಂಪು, ಹಸಿರಿನ ಜಾಗದಲ್ಲೇ ಕೂಡಿಸಲಾರದು, ಹಾಗಾಗಿ ಅಂಕಿಗಳ ಅಂಚು ಮಸುಕು. ನಲವತ್ತು ದಾಟಿದವರಿಗೆ ಇನ್ನೂ ಹೆಚ್ಚು. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ರಾಡ್ ಕೋಶಗಳು ನೀಲಿ-ಹಸಿರಿಗೆ, ಅಂದರೆ 507 ನ್ಯಾನೋಮೀಟರಿನ ಸುತ್ತ, ಅತಿ ಸೂಕ್ಷ್ಮ. ಘಾಟಿ ರಸ್ತೆಯಲ್ಲಿ ದೀಪವಿಲ್ಲದ ತಿರುವಿಗೆ ಬೇಕಾಗುವ ನೋಟವನ್ನು ನೀಲಿ ಮೀಟರ್ ಕೆಡಿಸುತ್ತದೆ. ಮೇಲಾಗಿ ಕೆಂಪು ಮುಳ್ಳು ನೀಲಿ ಬೆಳಕಿನಲ್ಲಿ ಕಪ್ಪಾಗುತ್ತದೆ. ನೀಲಿಯೇ ಬೇಕೆಂದರೆ ಮುಳ್ಳಿನ ಬುಡದ ಎಲ್‌ಇಡಿಗಳನ್ನು ಕೆಂಪಾಗಿ ಅಥವಾ ಬಿಳಿಯಾಗಿ ಉಳಿಸಿ. ಬಿಳಿ ಹಾಕುವವರು 6500 ಕೆಲ್ವಿನಿನ ನೀಲಿ ಛಾಯೆಯ ಬಿಳಿಯ ಬದಲು 4000ದ ಆಸುಪಾಸಿನ ಹಳದಿ ಛಾಯೆಯದನ್ನು ಆರಿಸಿದರೆ ಮುಳ್ಳಿನ ಕೆಂಪು ಸರಿಯಾಗಿ ಕಾಣುತ್ತದೆ. ಪ್ರಕಾಶ ಪರೀಕ್ಷಿಸುವುದು ಗ್ಯಾರೇಜಿನ ಟ್ಯೂಬ್‌ಲೈಟ್ ಕೆಳಗಲ್ಲ. ಕತ್ತಲಲ್ಲಿ ಹತ್ತು ನಿಮಿಷ ಕೂತು, ಗಾಜಿನಲ್ಲಿ ಅಂಕಿಗಳ ಪ್ರತಿಬಿಂಬ ಕಂಡರೆ ರೆಸಿಸ್ಟರ್ ಹೆಚ್ಚಿಸಿ.

ಎ.ಸಿ. ಪ್ಯಾನೆಲ್, ಕಿಟಕಿ ಸ್ವಿಚ್, ಗಡಿಯಾರ ಎಲ್ಲವನ್ನೂ ಒಂದೇ ಬಣ್ಣಕ್ಕೆ ತರುವ ಆಸೆ ಇದ್ದರೆ ಸ್ಟೀರಿಯೊದಿಂದ ಶುರು ಮಾಡಿ. ಕಂಪನಿಯ ಸ್ಟೀರಿಯೊ ಬಿಚ್ಚಿ ಬಣ್ಣ ಬದಲಿಸುವುದು ಮೀಟರಿಗಿಂತ ಕಷ್ಟ. ಹೊರಗಿನಿಂದ ಹಾಕಿಸಿದ್ದಾದರೆ ಸೆಟ್ಟಿಂಗಿನಲ್ಲೇ ಬಣ್ಣ ಬದಲಿಸುವ ಸೌಲಭ್ಯ ಇರಬಹುದು. ಅದು ಕೊಡುವ ಬಣ್ಣಗಳಲ್ಲಿ ಒಂದನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಎಲ್‌ಇಡಿ ರೀಲ್ ಕೊಳ್ಳಿ.