ಬೇ ಏರಿಯಾ ಗುಡ್ಡದ ಮುಳ್ಳುಕಾಯಿ ಮಡಹಾಗಲವೇ?

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಫ್ರೀಮಾಂಟ್ ಹತ್ತಿರದ ಗುಡ್ಡದಲ್ಲಿ ಬಿಳಿ ಹೂವಿನ ಬಳ್ಳಿ ಕಂಡಿತು. ಹಸಿರು ಕಾಯಿ, ಮೈತುಂಬ ಮುಳ್ಳು. ನಮ್ಮ ಮಡಹಾಗಲ ಇರಬಹುದಾ? ಪಲ್ಯ ಮಾಡಬಹುದಾ?

ಅಲ್ಲ. ಮಾಡಬಾರದು. ಚಳಿಗಾಲದ ಮಳೆ ಬಿದ್ದು ಗುಡ್ಡ ಹಸಿರಾಯಿತೆಂದರೆ ಪ್ರತಿ ವರ್ಷ ಇದೇ ಪ್ರಶ್ನೆ, ಇದೇ ಫೋಟೋ. ಇದು ಕ್ಯಾಲಿಫೋರ್ನಿಯಾದ ಮಣ್ಣಿನದೇ ಬಳ್ಳಿ, ಮ್ಯಾನ್‌ರೂಟ್. ಬೇ ಏರಿಯಾದಲ್ಲಿ ಹೆಚ್ಚಾಗಿ ಸಿಗುವ ಬಗೆಯ ವೈಜ್ಞಾನಿಕ ಹೆಸರು ಮರಾ ಫಬೇಸಿಯಾ. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಕಡೆಯ ಚಾಪರಾಲ್ ಕುರುಚಲಿನಲ್ಲಿ ಮರಾ ಮ್ಯಾಕ್ರೋಕಾರ್ಪಾ.

ಗುರುತು ಹೂವಿನಲ್ಲೇ ಇದೆ. ಮಡಹಾಗಲದ ಹೂ ಹಳದಿ, ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಇದರದು ಬಿಳಿಯ, ಕೆಲವೊಮ್ಮೆ ಕೆನೆಬಣ್ಣದ ಪುಟ್ಟ ಹೂ. ಗಂಡು ಹೂಗಳು ಗೊಂಚಲಾಗಿರುತ್ತವೆ. ಅದೇ ಗೆಣ್ಣಿನಲ್ಲಿ ಒಂಟಿಯಾಗಿ ಒಂದು ಹೆಣ್ಣು ಹೂ, ಅದರ ಬುಡದಲ್ಲಿ ಆಗಲೇ ಸಣ್ಣ ಮುಳ್ಳುಂಡೆ. ಅಷ್ಟು ನೋಡಿದರೆ ಸಾಕು.

ಆದರೂ ವಾದ ನಿಲ್ಲುವುದಿಲ್ಲ. "ಇದಕ್ಕೆ ವೈಲ್ಡ್ ಕುಕುಂಬರ್ ಅಂತಾರಲ್ಲ, ಸೌತೆ ಜಾತಿಯದೇ ತಾನೆ? ಕಹಿ ಇದ್ದರೇನು, ಹಾಗಲಕಾಯಿ ತಿನ್ನುವವರು ನಾವು. ಉಪ್ಪು ಸವರಿ ಹಿಂಡಿದರಾಯಿತು." ದಯವಿಟ್ಟು ಕೇಳಿ. ಸೌತೆ ಕುಟುಂಬದ್ದೇ ಹೌದು, ಅಪಾಯ ಇರುವುದೂ ಅಲ್ಲೇ. ಈ ಕುಟುಂಬದ ಹಲವು ಕಾಡುಗಿಡಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿವಿಷ ಇರುತ್ತದೆ. ಅಡುಗೆಮನೆಯ ಹಾಗಲದ ಕಹಿ ಮುಖ್ಯವಾಗಿ ಬೇರೆ ಪದಾರ್ಥಗಳದ್ದು. ಕುಕುರ್ಬಿಟಾಸಿನ್ ಬೇಯಿಸಿದರೂ ಹೋಗುವುದಿಲ್ಲ, ಉಪ್ಪಿಗೂ ಬಗ್ಗುವುದಿಲ್ಲ. 2010ರಲ್ಲಿ ದೆಹಲಿಯಲ್ಲಿ ಕಹಿ ಸೋರೆಕಾಯಿಯ ರಸ ಕುಡಿದ ವಿಜ್ಞಾನಿಯೊಬ್ಬರು ತೀರಿಕೊಂಡರು. ಕಹಿಯಾದ ಸೋರೆರಸ ಕುಡಿಯಲೇಬೇಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮಿತಿ ಹೇಳಿದ್ದು ಆ ಮೇಲೆ. ಹಿತ್ತಲ ಸೋರೆಯೇ ಹಾಗಾದರೆ ಈ ಕಾಡುಬಳ್ಳಿಯ ಮಾತೇನು? ವಾಂತಿ, ಭೇದಿ, ಹೊಟ್ಟೆಯೊಳಗೆ ರಕ್ತಸ್ರಾವ, ಬಿಪಿ ಕುಸಿತ: ಇದು ಆ ವಿಷದ ದಾರಿ. ಸೌತೆಕಾಯಿಯ ತುದಿ ನಾಲಿಗೆಗೆ ಹಚ್ಚಿ, ಕಹಿಯಿದ್ದರೆ ಎಸೆಯುತ್ತಿದ್ದ ನಮ್ಮ ಅಜ್ಜಿಯರದು ಸರಿಯಾದ ಬುದ್ಧಿ. ಇಲ್ಲಿನ ಮೂಲನಿವಾಸಿಗಳು ಮ್ಯಾನ್‌ರೂಟ್ ಗೆಡ್ಡೆ ಜಜ್ಜಿ ಹಾಕಿದ್ದು ನೀರಿಗೆ, ಮೀನಿಗೆ ಮತ್ತು ಬರಿಸಲು. ಮಲೆನಾಡಿನಲ್ಲಿ ಕಾರೆಕಾಯಿ ಹಾಕುವ ಹಾಗೆ.

ಗೆಡ್ಡೆ ಅಂದೆನಲ್ಲ, ಯಾರೂ ಕೇಳದಿದ್ದರೂ ಅದನ್ನು ಹೇಳಲೇಬೇಕು. ಹಳೆಯ ಬಳ್ಳಿಯ ಗೆಡ್ಡೆ ನೂರು ಕಿಲೋ ದಾಟಬಹುದು. ಬೇಸಿಗೆಯಲ್ಲಿ ಬಳ್ಳಿ ಪೂರ್ತಿ ಒಣಗಿದರೂ, ಕಾಳ್ಗಿಚ್ಚು ಬಂದು ಇಳಿಜಾರು ಸುಟ್ಟು ಕರಕಲಾದರೂ, ಗೆಡ್ಡೆ ಮಣ್ಣಿನೊಳಗೆ ಕ್ಷೇಮ. ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ಬೀಜದಿಂದಲೇ ಈ ಜಾಣ್ಮೆ ಶುರು. ಎರಡು ಬೀಜದಳಗಳ ತೊಟ್ಟು ಕೂಡಿ ಕೊಳವೆಯಾಗಿ, ಬೇರಿನಂತೆ ಕೆಳಗಿಳಿದು, ಎಳೆ ಮೊಗ್ಗನ್ನು ಆಳದಲ್ಲಿ ಹೂಳುತ್ತದೆ. ಚಿಗುರು ಮೇಲೆ ಬರುವುದು ಆಮೇಲೆ. 1880ರಲ್ಲಿ ಡಾರ್ವಿನ್ ಇದನ್ನು ವಿವರವಾಗಿ ಬರೆದಿದ್ದಾನೆ. ನರ್ಸರಿಯಿಂದ ಬೀಜ ತಂದು ಹಿತ್ತಲಲ್ಲಿ ಹಾಕುವವರು, ಮೊಳಕೆ ಕಾಣಲಿಲ್ಲವೆಂದು ಮಣ್ಣು ಕೆದಕಬೇಡಿ.