ಕಬ್ಬಿಣವಿದೆ, ಜೋಡಣೆಯೇ ನಿಧಾನ

ನಡೆಯುವಾಗ ತೂರಾಡುವ, ಮೊಣಕಾಲಿನ ಕೆಳಗೆ ಸುತ್ತಿಗೆ ತಟ್ಟಿದರೂ ಕಾಲು ಚಿಮ್ಮದ ಹತ್ತು-ಹದಿನೈದರ ಮಕ್ಕಳನ್ನು ಕಂಡಾಗ ಫ್ರೀಡ್ರೈಕ್ ಅಟಾಕ್ಸಿಯಾ ಎಂಬ ಆನುವಂಶಿಕ ರೋಗ ನೆನಪಾಗಬೇಕು. ಜರ್ಮನಿಯ ನಿಕೊಲಾಸ್ ಫ್ರೀಡ್ರೈಕ್ ಇದನ್ನು 1863ರಲ್ಲೇ ವಿವರಿಸಿದ್ದರೂ ಜೀನ್ ಸಿಕ್ಕಿದ್ದು 1996ರಲ್ಲಿ. ಕಾಣುವುದು ನರರೋಗದಂತೆ; ಕೆಟ್ಟಿರುವುದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದೊಳಗೆ ಕಬ್ಬಿಣ-ಗಂಧಕದ ಗುಚ್ಛಗಳನ್ನು ಕಟ್ಟುವ ಜೋಡಣೆಯ ಕೆಲಸ.

ಅಲ್ಲಿ ಎನ್‌ಎಫ್‌ಎಸ್1 ಎಂಬ ಕಿಣ್ವ ಅಮೈನೊ ಆಮ್ಲವಾದ ಸಿಸ್ಟೀನ್‌ನಿಂದ ಗಂಧಕವನ್ನು ಕಿತ್ತು, ತನ್ನದೇ ಒಂದು ಬಳುಕುವ ಕುಣಿಕೆಯ ತುದಿಯಲ್ಲಿ ಹಿಡಿದು, ಐಎಸ್‌ಸಿಯು ಎಂಬ ಪ್ರೋಟೀನಿಗೆ ದಾಟಿಸುತ್ತದೆ. ಆ ದಾಟಿಸುವಿಕೆಗೆ ವೇಗ ಕೊಡುವುದೇ ಫ್ರಾಟಾಕ್ಸಿನ್ ಎಂಬ ಪ್ರೋಟೀನು; ಈ ರೋಗದಲ್ಲಿ ಕಡಿಮೆಯಾಗುವುದು ಅದೇ. ಜೋಡಣೆಗೆ ಬೇಕಾದ ಎಲೆಕ್ಟ್ರಾನು ಇನ್ನೊಂದು ಪ್ರೋಟೀನಾದ ಎಫ್‌ಡಿಎಕ್ಸ್2ನಿಂದ ಬರುತ್ತದೆ. ಮೊದಲು 2 ಕಬ್ಬಿಣ, 2 ಗಂಧಕದ ಗುಚ್ಛ. ಪ್ರೋಟೀನುಗಳಿಗೆ ನೆರವಾಗುವ ಶಾಪೆರಾನ್‌ಗಳು ಅದನ್ನು ಬಿಡಿಸಿ, ಮುಂದಕ್ಕೆ ಸಾಗಿಸುವ ಪ್ರೋಟೀನಾದ ಜಿಎಲ್‌ಆರ್‌ಎಕ್ಸ್5ಗೆ ಒಪ್ಪಿಸುತ್ತವೆ. ಮುಂದೆ ಅಂಥ ಎರಡು ಕೂಡಿ 4-4ರ ಗುಚ್ಛ. ಬಿಡಿ ಕಬ್ಬಿಣವೂ ಬಿಡಿ ಸಲ್ಫೈಡೂ ಕೋಶಕ್ಕೆ ವಿಷ, ಅದಕ್ಕೇ ಇಷ್ಟೊಂದು ಕೈಗಳು. ಉಸಿರಾಟ ಸರಪಳಿಯ ಮೊದಲ ಸಂಕೀರ್ಣವೊಂದಕ್ಕೇ ಇಂಥ 8 ಗುಚ್ಛ ಬೇಕು.

ಗುಚ್ಛ ಕಡಿಮೆಯಾದರೆ ಕಬ್ಬಿಣವೇ ಸಾಲದೆಂದು ಕೋಶ ಮೋಸಹೋಗುತ್ತದೆ. ಐಆರ್‌ಪಿ1 ಪ್ರೋಟೀನು ಗುಚ್ಛವಿದ್ದಾಗ ಅಕೊನಿಟೇಸ್ ಕಿಣ್ವ. ಗುಚ್ಛ ಕಳಚಿದೊಡನೆ ಆರ್‌ಎನ್‌ಎಗೆ ಅಂಟಿಕೊಂಡು ಇನ್ನಷ್ಟು ಕಬ್ಬಿಣ ತರಿಸುತ್ತದೆ. ಬಂದದ್ದು ಬಳಕೆಯಾಗದೆ ಮೈಟೊಕಾಂಡ್ರಿಯದಲ್ಲಿ, ಅದರಲ್ಲೂ ಹೃದಯದ ಸ್ನಾಯುವಿನಲ್ಲಿ, ಕೂಡುತ್ತದೆ. ಹಾಗಾಗಿ ಈ ತೂರಾಟಕ್ಕೆ ಕಬ್ಬಿಣದ ಮಾತ್ರೆ ಮದ್ದಲ್ಲ. ಕಬ್ಬಿಣ ತೆಗೆಯುವ ಡೆಫೆರಿಪ್ರೋನ್ ಕೂಡ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಅಟಾಕ್ಸಿಯಾ ಹದಗೆಡಿಸಿತು.

ಪರೀಕ್ಷೆಯಲ್ಲಿ ಎಡವುವವರೇ ಹೆಚ್ಚು. ತಪ್ಪಿರುವುದು ಫ್ರಾಟಾಕ್ಸಿನ್ ಜೀನಿನ ಮೊದಲ ಇಂಟ್ರಾನಿನಲ್ಲಿ, ಅಂದರೆ ಪ್ರೋಟೀನಿನ ಸೂಚನೆಯಿಲ್ಲದ ತುಣುಕಿನಲ್ಲಿ: ಜಿಎಎ ಎಂಬ ಮೂರಕ್ಷರ ಸಾಮಾನ್ಯವಾಗಿ 33ಕ್ಕಿಂತ ಕಡಿಮೆ ಬಾರಿ ಬರಬೇಕಾದಲ್ಲಿ, ರೋಗಿಗಳಲ್ಲಿ ಹೆಚ್ಚಾಗಿ 600-900 ಬಾರಿ. ಪ್ರೋಟೀನಿನ ಸೂಚನೆಯಿರುವ ಭಾಗಗಳನ್ನು ನೋಡುವ ಎಕ್ಸೋಮ್ ಪರೀಕ್ಷೆ ಇದನ್ನು ಓದುವುದೇ ಇಲ್ಲ. ದುಬಾರಿ ವರದಿ ‘ಏನೂ ಇಲ್ಲ’ ಎಂದು ಬಂದರೆ ಸಮಾಧಾನಪಡಬೇಡಿ. ಜಿಎಎ ಪುನರಾವರ್ತನೆಗೆಂದೇ ಟ್ರಿಪ್ಲೆಟ್ ಪ್ರೈಮ್ಡ್ ಪಿಸಿಆರ್ ಪರೀಕ್ಷೆ ಬರೆದುಕೊಡಿ. ಜೀನಿನ ಎರಡು ಪ್ರತಿಗಳಲ್ಲಿ ಒಂದೇ ಹಿಗ್ಗಿದ್ದರೆ ಇನ್ನೊಂದರಲ್ಲಿ ಬಿಡಿ ದೋಷವಿದೆಯೇ ಎಂದು ಜೀನನ್ನು ಪೂರ್ತಿ ಓದಿಸಬೇಕು. ಜೊತೆಗೇ ರಕ್ತದ ವಿಟಮಿನ್ ಇ ಮಟ್ಟವನ್ನೂ ನೋಡಿ. ಅದರ ಆನುವಂಶಿಕ ಕೊರತೆ ಥೇಟ್ ಹೀಗೇ ಕಾಣುತ್ತದೆ, ಆದರೆ ವಿಟಮಿನ್ ಕೊಟ್ಟರೆ ಅಲ್ಲಿಗೇ ತಡೆಯಬಹುದು. ಅದನ್ನು ಬಿಟ್ಟುಬಿಡುವುದು ನನ್ನ ಪ್ರಕಾರ ಅಕ್ಷಮ್ಯ.

ರೋಗ ಖಚಿತವಾದ ಮೇಲೆ ವರ್ಷಕ್ಕೊಮ್ಮೆ ಇಸಿಜಿ, ಎಕೊ, ಸಕ್ಕರೆ ಪರೀಕ್ಷೆ. ಬೆಳೆಯುವ ಮಕ್ಕಳ ಬೆನ್ನಿನ ಡೊಂಕಿನ ಮೇಲೂ ಕಣ್ಣಿರಲಿ. 2023ರಲ್ಲಿ ಅಮೆರಿಕ 16 ತುಂಬಿದವರಿಗೆ ಒಪ್ಪಿದ ಒಮಾವೆಲೊಕ್ಸೊಲೋನ್ ಎಂಬ ಔಷಧ ರೋಗದ ಓಟ ತಗ್ಗಿಸುತ್ತದೆ, ವಾಸಿ ಮಾಡದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯ ನಮ್ಮ ಮನೆಗಳಲ್ಲಿ ತಂದೆ-ತಾಯಿ ಇಬ್ಬರೂ ವಾಹಕರಾಗಿರುವ, ಅಂದರೆ ಒಂದೊಂದು ಕೆಟ್ಟ ಪ್ರತಿ ಹೊತ್ತಿರುವ, ಸಾಧ್ಯತೆ ಹೆಚ್ಚು. ಹಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಮುಂದಿನ ಮಗುವಿಗೆ ಮೊದಲೇ ಅವರಿಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿ.