ಡಿಎಆರ್ ಮೈದಾನದಲ್ಲಿ ಬೇರೆ ಊರಿನ ಹೆಸರುಗಳು

ಪ್ರಶ್ನೆ: ವರ್ಷಾ ಅಕ್ಟೋಬರ್ 21ಕ್ಕ ಕಲಬುರಗಿ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಪಡೆ) ಮೈದಾನದಾಗ ಪೊಲೀಸ್ ಹುತಾತ್ಮರ ದಿನ ಮಾಡ್ತಾರ. ಸಾಹೇಬ್ರು ಉದ್ದನೆ ಪಟ್ಟಿ ಓದ್ತಾರ. ಅದ್ರಾಗ ಛತ್ತೀಸಗಡ, ಜಮ್ಮು, ಮಣಿಪುರದವ್ರ ಹೆಸರೇ ಜಾಸ್ತಿ. ನಮ್ಮ ಮಂದಿ ಹೆಸರು ಹುಡುಕಿದ್ರೂ ಸಿಗಂಗಿಲ್ಲ. ಹಿಂಗ್ಯಾಕ್ರೀ?

ಅಕ್ಟೋಬರ್ ಬಂತೆಂದರೆ ಈ ಪ್ರಶ್ನೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಸ್ವಲ್ಪ ಸಿಟ್ಟಿನಿಂದಲೇ ಕೇಳುತ್ತಾರೆ. ಮೊದಲ ಸಲ ಪರೇಡ್ ನೋಡಿದಾಗ ನನಗೂ ಹಾಗೇ ಅನ್ನಿಸಿತ್ತು.

ನೇರ ಉತ್ತರ ಇಷ್ಟೇ. ಆ ಪಟ್ಟಿ ಜಿಲ್ಲೆಯದ್ದಲ್ಲ, ರಾಜ್ಯದ್ದೂ ಅಲ್ಲ. ಇಡೀ ದೇಶದ್ದು. ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ಕರ್ತವ್ಯದ ಮೇಲಿದ್ದಾಗ ಜೀವ ಕಳೆದುಕೊಂಡ ಪೊಲೀಸರು, ಕೇಂದ್ರದ ಸಶಸ್ತ್ರ ಪಡೆಗಳವರು, ಎಲ್ಲರೂ ಅದರಲ್ಲಿ ಬರುತ್ತಾರೆ. ಕಾಡಿನಲ್ಲಿ ನಕ್ಸಲರ ಜತೆ, ಗಡಿಯಲ್ಲಿ ಉಗ್ರರ ಜತೆ ಗುಂಡಿನ ಕಾಳಗ ನಡೆಯುವ ಕಡೆ ಸಾವು ಜಾಸ್ತಿ. ಅದಕ್ಕೇ ಆ ಕಡೆಯ ಹೆಸರು ಜಾಸ್ತಿ. ಒಂದು ವರ್ಷ ನಮ್ಮ ಜಿಲ್ಲೆಯ ಹೆಸರು ಇಲ್ಲ ಅಂದರೆ ಅದು ಪಟ್ಟಿಯ ತಪ್ಪಲ್ಲ, ನಮ್ಮ ಪುಣ್ಯ.

ಆದರೆ ಕೇಳಿದವರಿಗೆ ಇಷ್ಟಕ್ಕೇ ಸಮಾಧಾನ ಆಗಲಿಕ್ಕಿಲ್ಲ. ಅವರ ಪಟ್ಟಿ ಅವರು ಓದಲಿ, ನಮ್ಮದು ನಾವು ಓದೋಣ ಅಂತ ಯಾಕೆ ಇಟ್ಟುಕೊಂಡಿಲ್ಲ? ಅದಕ್ಕೆ 1959ಕ್ಕೆ ಹೋಗಬೇಕು.

ಆಗ ಟಿಬೆಟ್ ಕಡೆಯ ಗಡಿ ಕಾಯುತ್ತಿದ್ದವರಲ್ಲಿ ಪೊಲೀಸರೂ ಇದ್ದರು. ಇದು ಈಗ ಕೇಳಿದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಅನ್ನುವ ಜಾಗ, ಸುಮಾರು 16,000 ಅಡಿ ಎತ್ತರ. ಅಕ್ಟೋಬರ್ 20ಕ್ಕೆ ಅಲ್ಲಿಂದ ಮೂರು ತುಕಡಿ ಗಸ್ತಿಗೆ ಹೊರಟವು. ಎರಡು ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಂದವು. ಮೂರನೆಯದು ಬರಲಿಲ್ಲ. ಅದರಲ್ಲಿ ಇದ್ದದ್ದು ಇಬ್ಬರು ಕಾನ್‌ಸ್ಟೆಬಲ್, ಒಬ್ಬ ಹಮಾಲಿ. ಮರುದಿನ ಕರಮ್ ಸಿಂಗ್ ಅನ್ನುವ ಅಧಿಕಾರಿ ಸುಮಾರು 20 ಜನರನ್ನು ಕಟ್ಟಿಕೊಂಡು ಹುಡುಕಲು ಹೋದರು. ಗುಡ್ಡದ ಮೇಲೆ ಕೂತಿದ್ದ ಚೀನೀ ಸೈನಿಕರು ಗುಂಡು ಹಾರಿಸಿದರು. 10 ಜನ ಅಲ್ಲೇ ಸತ್ತರು. ಅವರ ದೇಹಗಳನ್ನು ಚೀನಾದವರು ವಾಪಸ್ ಕೊಟ್ಟದ್ದು ನವೆಂಬರ್ 13ಕ್ಕೆ. ಹೆಣಕ್ಕಾಗಿ ಮೂರು ವಾರಕ್ಕಿಂತ ಹೆಚ್ಚು ಕಾಯಬೇಕಾಯಿತು. ಮನೆಯವರಿಂದ ಎಷ್ಟೋ ದೂರ, ಅದೇ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಪೊಲೀಸ್ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು.

1960ರ ಜನವರಿಯಲ್ಲಿ ರಾಜ್ಯಗಳ ಪೊಲೀಸ್ ಮುಖ್ಯಸ್ಥರು ಸಭೆ ಸೇರಿದಾಗ ಅಕ್ಟೋಬರ್ 21ನ್ನು ಎಲ್ಲ ಕಡೆ ಆಚರಿಸಬೇಕು ಅಂತ ತೀರ್ಮಾನ ಮಾಡಿದರು. ಗುರುತು ಪರಿಚಯ ಇಲ್ಲದ ಜಾಗದಲ್ಲಿ ಸತ್ತವರಿಂದ ಶುರುವಾದ ದಿನ ಇದು. ಹಾಗಿರುವಾಗ ಪಟ್ಟಿಯನ್ನು ಜಿಲ್ಲೆವಾರು ಹರಿದು ಹಂಚಿದರೆ ಈ ದಿನಕ್ಕೆ ಅರ್ಥವೇ ಉಳಿಯುವುದಿಲ್ಲ ಅಂತ ನನಗನ್ನಿಸುತ್ತದೆ.

ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ ಇದೆ. 30 ಅಡಿ ಎತ್ತರದ ಒಂದೇ ಗ್ರಾನೈಟ್ ಕಲ್ಲು, ತೂಕ 238 ಟನ್. 2018ರ ಅಕ್ಟೋಬರ್ 21ಕ್ಕೆ ಉದ್ಘಾಟನೆ ಆಯಿತು. ಅಲ್ಲಿನ ಗೋಡೆ ಮೇಲೆ ಆಗಲೇ 34 ಸಾವಿರಕ್ಕೂ ಹೆಚ್ಚು ಹೆಸರು ಕೆತ್ತಿದ್ದರು. ಅಲ್ಲಿಯೂ ಊರುಕೇರಿ ಬೇರೆ ಬೇರೆ, ಗೋಡೆ ಒಂದೇ.

ಈಗ ನಮ್ಮ ಮೈದಾನಕ್ಕೆ ಬರೋಣ. ಅವತ್ತು ಬೆಳಿಗ್ಗೆ ಬಿಸಿಲು ಏರುವ ಮುಂಚೆಯೇ ಕಾರ್ಯಕ್ರಮ. ಆಗಸ್ಟ್ 15ಕ್ಕೂ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೂ ಇದೇ ಮೈದಾನದಲ್ಲಿ ಬ್ಯಾಂಡು, ಚಪ್ಪಾಳೆ, ಶಾಲೆ ಮಕ್ಕಳ ಗದ್ದಲ ಎಲ್ಲ ಇರುತ್ತದೆ. ಅಕ್ಟೋಬರ್ 21ಕ್ಕೆ ಚಪ್ಪಾಳೆ ಇಲ್ಲ. 'ಶೋಕ ಶಸ್ತ್ರ' ಅಂತ ಆದೇಶ ಬಿದ್ದ ಕೂಡಲೇ ಬಂದೂಕಿನ ನಳಿಗೆ ಕೆಳಗೆ, ಹಿಡಿ ಮೇಲೆ. ನಳಿಗೆಯ ತುದಿ ಬೂಟಿನ ಮೇಲೆ ಕೂರುತ್ತದೆ, ಎರಡೂ ಕೈ ಹಿಡಿಯ ಮೇಲೆ, ತಲೆ ತಗ್ಗುತ್ತದೆ. ವರ್ಷವಿಡೀ ಎದೆ ಸೆಟೆಸಿ ನಿಲ್ಲಬೇಕು ಅಂತ ಕಲಿತವರು ಸಾಲಾಗಿ ತಲೆ ತಗ್ಗಿಸಿ ನಿಂತದ್ದನ್ನು ನೋಡಬೇಕು. ಆಮೇಲೆ ಮೂರು ಸುತ್ತು ಗುಂಡು. ಅದು ಬರೀ ಸದ್ದಿನ ತೋಟಾ. ಆದರೂ ಮೊದಲ ಸುತ್ತಿಗೆ ಮರದ ಮೇಲಿನ ಕಾಗೆಗಳೆಲ್ಲ ಎದ್ದು ಹೋಗುತ್ತವೆ.

ಪಟ್ಟಿ ಓದುವ ಕೆಲಸ ಎಷ್ಟು ಕಷ್ಟ ಅಂತ ನನಗೆ ಗೊತ್ತಾದದ್ದು ಹಿಂದಿನ ದಿನದ ತಯಾರಿ ನೋಡಿದಾಗ. ಪಟ್ಟಿ ಇಂಗ್ಲಿಷ್‌ನಲ್ಲಿತ್ತು. ಇಬ್ಬರು ಸಿಬ್ಬಂದಿ ಟೇಬಲ್ಲಿಗೆ ಕೂತು, ಪ್ರತಿ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಬರೆಯುತ್ತಿದ್ದರು. ಮಣಿಪುರದ ಒಂದು ಹೆಸರಿಗೆ ಬಂದು ನಿಂತರು. ಒಬ್ಬ ಒಂದು ತರಹ ಅಂದ, ಇನ್ನೊಬ್ಬ ಇನ್ನೊಂದು ತರಹ. ಕೊನೆಗೆ ಹಿರಿಯರೊಬ್ಬರು, ರಿಟೈರ್ ಆಗಲು ಬಂದ ಹೆಡ್ ಕಾನ್‌ಸ್ಟೆಬಲ್, ಅಸ್ಸಾಂನಲ್ಲಿ ಚುನಾವಣೆ ಬಂದೋಬಸ್ತಿಗೆ ಹೋಗಿ ಬಂದಿದ್ದರಂತೆ, ಆಗಿನ ಗೆಳೆಯನಿಗೆ ಫೋನ್ ಹಚ್ಚಿದರು. "ಹೆಸರು ತಪ್ಪ್ ಓದಬಾರ್ದು ನೋಡ್ರಿ, ಒಮ್ಮೆನೇ ಓದೋದು" ಅಂದರು. ಮರುದಿನ ಓದುವಾಗ ಸಾಹೇಬರು ಆ ಹೆಸರಿನ ಹತ್ತಿರ ಒಂದು ಕ್ಷಣ ನಿಂತು, ಸರಿಯಾಗಿ ಹೇಳಿ ಮುಂದೆ ಹೋದರು. ನಾವು ಇಬ್ಬರು ಮೂವರಿಗೆ ಬಿಟ್ಟರೆ ಯಾರಿಗೂ ಅದು ಗೊತ್ತಾಗಲಿಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನ ಬೇರೆ. ಅದು ಕರ್ನಾಟಕದ್ದು, 1965ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದ ದಿನ. ಅವತ್ತು ಧ್ವಜ ಮಾರಿ ಬಂದ ದುಡ್ಡು ಪೊಲೀಸರ ಕಲ್ಯಾಣಕ್ಕೆ ಹೋಗುತ್ತದೆ. ಜೇಬಿಗೆ ಸಣ್ಣ ಧ್ವಜ ಚುಚ್ಚಿಸಿಕೊಂಡ ನೆನಪಿದ್ದರೆ ಅದು ಆ ದಿನದ್ದು.

ನಮ್ಮವರು ಪಟ್ಟಿಯಲ್ಲಿ ಬರುವುದೇ ಇಲ್ಲ ಅಂದುಕೊಳ್ಳಬೇಡಿ. ಇಲ್ಲಿ ನಕ್ಸಲರ ಕಾಡಿಲ್ಲ, ಆದರೆ ನದಿ ಇದೆ, ನದಿಯಲ್ಲಿ ಮರಳಿದೆ. 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಮೇಲೆ ಅದನ್ನೇ ಹರಿಸಿ ಕೊಂದರು. ಎದುರಿಗೆ ಇದ್ದದ್ದು ಬಂದೂಕಲ್ಲ, ಹೊಲ ಉಳುವ ಗಾಡಿ. ಈ ಸಾವು 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗಿನ ವರ್ಷದ ಲೆಕ್ಕಕ್ಕೆ ಬರುತ್ತದೆ. ಅದೇ ಒಂದು ಸಾವು ಸೆಪ್ಟೆಂಬರ್‌ನಲ್ಲಿ ಆಗಿದ್ದರೆ ಮುಂದಿನ ವರ್ಷದ ಅಕ್ಟೋಬರ್‌ವರೆಗೆ ಕಾಯಬೇಕು. ಎಷ್ಟೋ ಸಲ 'ಹೋದ ತಿಂಗಳಷ್ಟೇ ತೀರಿಕೊಂಡರು, ಹೆಸರು ಓದಲಿಲ್ಲ' ಅನ್ನುವ ಸಿಟ್ಟಿಗೆ ಕಾರಣ ಈ ಲೆಕ್ಕ.

ಇನ್ನು 2014ರ ಜನವರಿಯನ್ನು ಈ ಊರಿನವರು ಮರೆತಿಲ್ಲ. ಸ್ಟೇಷನ್ ಬಜಾರ್ ಠಾಣೆಯ ಪಿಎಸ್ಐ ಮಲ್ಲಿಕಾರ್ಜುನ ಬಂಡೆ ಅವರು ರೌಡಿ ಮುನ್ನಾನನ್ನು ಹಿಡಿಯಲು ಹೋದಾಗ ಗುಂಡಿನ ಕಾಳಗ ನಡೆಯಿತು. ಮುನ್ನಾ ಸತ್ತ. ಬಂಡೆ ಅವರ ತಲೆಗೆ ಗುಂಡು ತಗುಲಿತ್ತು. ಕೆಲವು ದಿನ ಹೈದರಾಬಾದಿನ ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡಿದ್ದು, ಅಲ್ಲೇ ತೀರಿಕೊಂಡರು. ಅವರ ಹೆಸರು ಬರುವುದು ಆ ವರ್ಷದ ಅಕ್ಟೋಬರ್ ಪಟ್ಟಿಗೆ. ಊರಿನ ಹೆಸರು ಆಗಿನ್ನೂ ಗುಲ್ಬರ್ಗ. ಕಲಬುರಗಿ ಅಂತ ಅಧಿಕೃತವಾಗಿ ಬದಲಾದದ್ದು ನವೆಂಬರ್ 1ಕ್ಕೆ.

ಹಾಗಾದರೆ ಆ ಅಕ್ಟೋಬರ್ 21ರ ಬೆಳಿಗ್ಗೆ, ನಾವು ನೋಡದ ಯಾವುದೋ ಜಿಲ್ಲೆಯ ಮೈದಾನದಲ್ಲಿ, ಕನ್ನಡ ಬಾರದ ಯಾರೋ ಅಧಿಕಾರಿ ಆ ಹೆಸರಿನ ಹತ್ತಿರ ಬಂದು ಒಂದು ಕ್ಷಣ ನಿಂತಿರಬೇಕು. 'ಬಂಡೆ' ಅಂತ ಓದಬೇಕೋ, 'ಬಂದೇ' ಅಂತ ಓದಬೇಕೋ ಅಂತ.